ಮುಳುಗಡೆ ರಸ್ತೆಯ ಕಲ್ಲು

ಮೊನ್ನೆ ತೀರ್ಥಹಳ್ಳಿ ಕಡೆ ಒಂದು ಕೆರೆಯ ದಂಡೆ ಕಟ್ಟಿಕೊಡೋದಕ್ಕೆ ಹೋಗಿದ್ದೆ. ಕೆರೆಯ ನೀರನ್ನು ಪೂರ್ತಿ ಹೊರಗೆ ಬಿಟ್ಟಿದ್ದರು. ತಳದ ಕೆಸರು ಬಿಸಿಲಿಗೆ ಬಿದ್ದು ಆಗತಾನೇ ಬಿರಿಯೋಕೆ ಶುರುವಾಗಿತ್ತು. ಗಟ್ಟಿ ನೆಲ ಎಲ್ಲಿ ಸಿಗುತ್ತೆ ಅಂತ ನಾನು ಹಾರೆಯಲ್ಲಿ ಚುಚ್ಚಿ ನೋಡ್ತಾ ಇದ್ದೆ. ಕೊಳೆತ ಎಲೆ, ಸತ್ತ ಮೀನು, ತುಕ್ಕು ಮೂರೂ ಕಲೆಸಿದಂಥ ಒಂದು ವಾಸನೆ ಮೇಲೆದ್ದು ಮೂಗಿಗೆ ಬಡಿಯಿತು. ಹಾರೆ ಹಿಡಿದ ಕೈ ಹಾಗೇ ನಿಂತುಬಿಟ್ಟಿತು.

"ಎಂತ ಆಯ್ತು ಮೇಸ್ತ್ರಿ, ಹಾವಾ?" ಅಂದರು ಕೆರೆಯ ಯಜಮಾನರು ಮೇಲಿಂದ.

"ಹಾವಲ್ಲ. ಎಂತ ಇಲ್ಲ" ಅಂದೆ.

ಎಂತದೋ ಇತ್ತು. ಅವರಿಗೆ ಹೇಳೋಕೆ ಬರಲಿಲ್ಲ, ಇಲ್ಲಿ ಹೇಳ್ತೀನಿ. ನಮ್ಮ ಕಡೆ ಚಳಿಗಾಲದ ಕ್ರೀಡೋತ್ಸವ ಮಾಡಬೇಕು ಅಂತ ಹೊರಟಿದ್ದ ವರ್ಷದ ಸಂಗತಿ ಇದು.

ನಮ್ಮೂರು ಹೊಸನಗರ ತಾಲ್ಲೂಕಿನ ಕಟ್ಟಕಡೆ. ಮೂರು ಕಡೆಯೂ ಹಿನ್ನೀರು. ಎದುರಿಗೆ ಕಾಣೋ ದಡ ಸಾಗರ ತಾಲ್ಲೂಕಿಗೆ ಸೇರಿದ್ದು. ದೋಣಿಯಲ್ಲಿ ಹೋದರೆ ಒಂದು ಕವಳ ಎಲೆಯಡಿಕೆ ಜಗಿದು ಉಗಿಯೋದರೊಳಗೆ ಆಚೆ ದಡ. ರಸ್ತೆಯಲ್ಲಿ ಸುತ್ತಿಕೊಂಡು ಹೋಗೋದಾದರೆ ಬಸ್ಸು ಸಿಕ್ಕಿದರೂ ಮಧ್ಯಾಹ್ನ ದಾಟುತ್ತೆ. ನನ್ನ ಹೆಂಡತಿ ಸುಶೀಲ ಆ ದಡದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡ್ತಿದ್ದಳು. ಮೊದಲು ನಮ್ಮೂರ ಶಾಲೆಯಲ್ಲೇ ಇದ್ದಳು. ಮಕ್ಕಳಿಲ್ಲ ಅಂತ ಅದನ್ನು ಮುಚ್ಚಿದಾಗ ಅವಳನ್ನು ಅಲ್ಲಿಗೆ ಹಾಕಿದರು. ಬೆಳಿಗ್ಗೆ ಚೌಡಪ್ಪಣ್ಣನ ದೋಣಿ ಹತ್ತಿದರೆ ಪ್ರಾರ್ಥನೆ ಗಂಟೆ ಹೊಡೆಯೋ ಮೊದಲು ಒಲೆ ಹೊತ್ತಿಸಿ ಮಕ್ಕಳಿಗೆ ಹಾಲು ಕಾಯಿಸೋಕೆ ಸರಿಯಾಗ್ತಿತ್ತು. ನಾನು ಐದನೇ ಕ್ಲಾಸಿಗೇ ಶಾಲೆಗೆ ಬೆನ್ನು ಹಾಕಿದವನು. ಅವಳು ಏಳರ ತನಕ ಓದಿದವಳು. ಜಗಳ ಬಂದರೆ "ನಿಮ್ಗಿಂತ ಎರಡು ಕ್ಲಾಸು ಜಾಸ್ತಿ ನಂದು" ಅನ್ನೋಳು. ಅದು ಮಾತಿಗೆ. ಆ ಶಾಲೆಯ ಕೆಲಸದ ಮೇಲೆ ಅವಳಿಗೆ ಜೀವ. ಮನೆಗೆ ಬಂದ ಮೇಲೆ ಯಾವ ಹುಡುಗ ಬೇಳೆ ಬದಿಗೆ ಸರಿಸ್ತಾನೆ, ಯಾವಳಿಗೆ ಎರಡನೇ ಸಲ ಕೇಳೋಕೆ ನಾಚಿಕೆ, ಎಲ್ಲ ಹೇಳೋಳು. ನಮಗೆ ಮಕ್ಕಳಿಲ್ಲ. ಅದನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

ದೋಣಿ ಹತ್ತಿ ಇಳಿಯೋದು ಮುಳುಗಡೆ ರಸ್ತೆಯಲ್ಲಿ. ಅಣೆಕಟ್ಟು ಆಗೋಕೆ ಮೊದಲು ಅದು ಹೊಸನಗರದ ಕಡೆಯಿಂದ ಸಾಗರಕ್ಕೆ ಹೋಗ್ತಿದ್ದ ಗಾಡಿ ರಸ್ತೆ. ನಮ್ಮಜ್ಜನ ಕಾಲದವರು ಹಾಸಿದ ಕಪ್ಪು ಕಲ್ಲು, ಇಕ್ಕೆಲಕ್ಕೂ ಉದ್ದುದ್ದ ಅಂಚುಗಲ್ಲು. ಮಳೆಗಾಲ ಮುಗಿದಾಗ ಅದು ನಮ್ಮೂರ ದೇವತೆ ಚೌಡಿಯ ಕಟ್ಟೆಯ ಹತ್ತಿರ ನೀರಿಗಿಳಿದು ಕಾಣೆಯಾಗುತ್ತೆ. ಕರೆಂಟು ತೆಗೆಯೋಕೆ ಅಣೆಕಟ್ಟಿಂದ ನೀರು ಬಿಟ್ಟ ಹಾಗೆಲ್ಲ ಹಿನ್ನೀರು ಇಳೀತದೆ, ರಸ್ತೆ ಸ್ವಲ್ಪ ಸ್ವಲ್ಪ ಹೊರಗೆ ಬರುತ್ತೆ. ನೀರು ಎಷ್ಟು ಹಿಂದೆ ಸರಿದರೂ ಸರಿ, ದೋಣಿಯಿಂದ ಕಾಲು ಕೆಳಗಿಟ್ಟರೆ ಅಂಗಾಲಿಗೆ ಕಲ್ಲು ಸಿಗೋದು. ಆ ರಸ್ತೆ ಬಿಟ್ಟು ಒಂದು ಮಾರು ಅತ್ತಿತ್ತ ಹೋದರೆ ಮೊಣಕಾಲು ಮುಳುಗೋ ಕೆಸರು. ಎಮ್ಮೆಗಳೂ ಆ ಕಡೆ ಹೋಗೋಲ್ಲ.

ಭತ್ತದ ಕೊಯ್ಲು ಮುಗಿದಿತ್ತು. ಚಳಿ ಬಿದ್ದಿತ್ತು. ಒಂದು ದಿನ ಉತ್ಸವ ಸಮಿತಿಯಿಂದ ಪ್ರಕಾಶ್ ಅಂತ ಒಬ್ಬರು ಬಂದು ಊರವರನ್ನು ಮುಚ್ಚಿದ ಶಾಲೆಯ ಜಗಲಿಯಲ್ಲಿ ಸೇರಿಸಿದರು. ಮೂರು ತಾಲ್ಲೂಕು ಸೇರಿ ಚಳಿಗಾಲದ ಯುವಜನ ಕ್ರೀಡೋತ್ಸವ ಮಾಡ್ತಾರಂತೆ. ಆಗುಂಬೆ ಕಡೆ ಗುಡ್ಡ ಹತ್ತೋ ಓಟ, ರಿಪ್ಪನ್‌ಪೇಟೆಯಲ್ಲಿ ಕಬಡ್ಡಿ, ದೋಣಿ ಸ್ಪರ್ಧೆ ನಮ್ಮೂರಲ್ಲಿ. ದೂರದೂರದ ಜಿಲ್ಲೆಯ ಹುಡುಗ ಹುಡುಗಿಯರು ಬರ್ತಾರಂತೆ.

"ಚಳಿಗಾಲದ ಆಟ ಅಂದ್ರೆ ಟೀವಿಲಿ ತೋರಿಸ್ತಾರಲ್ಲ, ಐಸ್ ಮೇಲೆ ಜಾರೋದು. ನಮ್ಮಲ್ಲಿ ಐಸೆಲ್ಲಿದೆ ಸರ್?" ಅಂತ ಯಾರೋ ಕೇಳಿದರು.

"ಜಾರೋಕೆ ಐಸೇ ಆಗ್ಬೇಕನಾ? ನಿಮ್ಮನೆ ಬಚ್ಚಲ ಪಾಚಿ ಸಾಲ್ದಾ?" ಅಂದ ಚೌಡಪ್ಪಣ್ಣ. ದೋಣಿ ನಡೆಸೋ ಚೌಡಪ್ಪಣ್ಣ ನನಗೆ ದೊಡ್ಡಪ್ಪನ ಮಗ. ಬಾಯಿ ತೆರೆದರೆ ಕುಚೋದ್ಯ. ಪ್ರಕಾಶ್ ಅವರೂ ನಕ್ಕರು. ಒಳ್ಳೆ ಮನುಷ್ಯ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ಅವರು ಆರಿಸಿದ ಜಾಗ ರಸ್ತೆಯಿಂದ ಆಚೆಗಿನ ಕೊಲ್ಲಿ. ಗುಡ್ಡ ಒತ್ತಿಕೊಂಡಿರೋ ಕಡೆ ನೀರು ಕನ್ನಡಿಯ ಹಾಗೆ ನಿಲ್ಲುತ್ತೆ, ನೋಡೋಕೆ ಚೆಂದ. ಅಲ್ಲಿ ದಡದಿಂದ ನೀರಿಗಿಳಿಯೋಕೆ ಅಗಲವಾದ ಕಲ್ಲು ಮೆಟ್ಟಿಲು ಆಗಬೇಕು, ಮೆಟ್ಟಿಲ ತುದಿಗೆ ಪ್ಲಾಸ್ಟಿಕ್ ಡಬ್ಬಗಳ ಮೇಲೆ ತೇಲೋ ಒಂದು ಕಟ್ಟೆ ತಂದು ಕಟ್ಟುತ್ತಾರೆ. ನೀರು ಏರಿದರೆ ಅದೂ ಏರುತ್ತೆ, ಇಳಿದರೆ ಇಳಿಯುತ್ತೆ.

"ಉತ್ಸವ ಮುಗಿದ ಮೇಲೆ ಅದು ಯಾರಿಗೆ ಸರ್?" ಅಂತ ಕೇಳಿದವನು ನಾನೇ.

"ನಿಮಗೇ. ಮೆಟ್ಟಿಲೂ ನಿಮ್ಮೂರಿಗೆ, ತೇಲೋ ಕಟ್ಟೆಯೂ ನಿಮ್ಮೂರಿಗೆ. ವರ್ಷ ಪೂರ್ತಿ ಅಲ್ಲೇ ದೋಣಿ ಹತ್ತಿ ಇಳೀಬಹುದು."

ಆ ಮಾತು ಕೇಳಿದ ಮೇಲೆ ಊರಲ್ಲಿ ಕೂಲಿಯ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಒಬ್ಬರ ಗದ್ದೆ ಇನ್ನೊಬ್ಬರು ನೆಟ್ಟುಕೊಡೋ ಮುಯ್ಯಾಳಿನ ಹಾಗೆ ಮನೆಗೊಬ್ಬರು ಬರೋದು ಅಂತಾಯಿತು. ಮೇಸ್ತ್ರಿ ನಾನು. ಸಿಮೆಂಟು ಅವರದು, ಕಲ್ಲೂ ಅವರದೇ. ಸಿಮೆಂಟು ಜೀಪಲ್ಲಿ ಬಂತು. ಕಲ್ಲಿನ ಲಾರಿ ನಮ್ಮೂರ ಮೋರಿ ಕುಸಿದ ಕಡೆ ಬಂದು, ನೋಡಿ, ವಾಪಸು ಹೋಯಿತು. ಉತ್ಸವಕ್ಕೆ ದಿನ ಹತ್ತಿರ. ಎಲ್ಲರೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಗ ಚೌಡಪ್ಪಣ್ಣನೇ ಅಂದ, "ಕಲ್ಲಿಗೆ ಎಂತ ಬರ ಮಾರಾಯ? ರಸ್ತೆ ತುಂಬ ಕಲ್ಲು ಬಿದ್ಕಂಡಿದೆ. ಇನ್ನು ಆ ರಸ್ತೆ ಯಾರಿಗೆ ಬೇಕು?"

ಎಲ್ಲರೂ ನನ್ನ ಮುಖ ನೋಡಿದರು. ನಾನು ಹೋಗಿ ನೋಡಿದೆ. ಆ ವರ್ಷ ಮಳೆ ಕಡಿಮೆ. ರಸ್ತೆ ಆಗಲೇ ತುಂಬಾ ದೂರ ಹೊರಗೆ ಬಂದಿತ್ತು. ಒಂದು ಅಂಚುಗಲ್ಲನ್ನು ಸುತ್ತಿಗೆಯಲ್ಲಿ ಬಡಿದೆ. ಗಂಟೆಯಂತೆ ಶಬ್ದ ಬಂತು. ಅಷ್ಟು ವರ್ಷ ನೀರಲ್ಲಿದ್ದೂ ಒಂದು ಬಿರುಕಿಲ್ಲ. ಕಲ್ಲಿನ ಕೆಲಸ ಮಾಡೋನಿಗೆ ಅಂಥ ಕಲ್ಲು ಕಂಡರೆ ಕೈ ಸುಮ್ಮನಿರೋಲ್ಲ. "ಇದಕ್ಕಿಂತ ಒಳ್ಳೆ ಕಲ್ಲು ಇನ್ನೆಲ್ಲೂ ಸಿಗೋಲ್ಲ" ಅಂದೆ. ಊರು ಹೂಂ ಅಂತು.

ರಾತ್ರಿ ಊಟಕ್ಕೆ ಕೂತಾಗ ಸುಶೀಲಳಿಗೆ ಹೇಳಿದೆ.

"ಮೆಟ್ಲು ಆಗ್ಲಿ, ಆ ತೇಲೋ ಕಟ್ಟೆನೂ ಬರ್ಲಿ. ಆಮೇಲೆ ಕೀಳಿ."

"ಕಲ್ಲಿಲ್ದೆ ಮೆಟ್ಲು ಹ್ಯಾಂಗಾಗುತ್ತೆ ಮಾರಾಯ್ತಿ?"

"ಅದು ನಂಗೊತ್ತಿಲ್ಲ. ದಿನಾ ಅಲ್ಲಿ ಕಾಲಿಡೋಳು ನಾನು, ನೀವಲ್ಲ."

"ಮೆಟ್ಟಿಲ ಮೇಲೆ ರಾಣಿ ಹಾಗೆ ಇಳೀತೀಯಂತೆ, ಸುಮ್ನಿರು."

"ರಾಣಿಗೆ ಇನ್ನೊಂಚೂರು ಸಾರು ಬೇಕಾ ಅಂತ ಯಾರೂ ಕೇಳಲ್ಲ" ಅಂದು ತಾನೇ ಬಡಿಸಿಕೊಂಡಳು. ನಾನು ನಕ್ಕೆ. ಅವಳ ಮುಖದಲ್ಲಿ ನಗು ಇರಲಿಲ್ಲ.

ಮಾರನೇ ದಿನ ಚೌಡಿಗೆ ಕಾಯಿ ಒಡೆದೇ ಶುರು ಮಾಡಿದೆವು. ಕಾಯಿ ಸರಿಯಾಗಿ ಎರಡು ಹೋಳಾಯಿತು. "ಚೌಡಿ ಒಪ್ಪಿದ್ಲು, ನಿನ್ನ ಹೆಂಡ್ತಿದೇ ಬಾಕಿ" ಅಂದ ಚೌಡಪ್ಪಣ್ಣ. ಎಲ್ಲರೂ ಗೊಳ್ ಅಂದರು.

ಆ ಬೆಳಗುಗಳು ಕಣ್ಣಲ್ಲೇ ಇವೆ. ಮಂಜಿಗೆ ಆಚೆ ದಡ ಕಾಣ್ತಿರಲಿಲ್ಲ. ನೀರು ಉಸಿರು ಬಿಟ್ಟ ಹಾಗೆ ಹೊಗೆಯಾಡೋದು. ಒಣಗಿದ ಹುಲ್ಲು ರಾಶಿ ಹಾಕಿ ಬೆಂಕಿ ಮಾಡಿ, ಅಂಗೈ ಕಾಯಿಸಿಕೊಂಡು ನೀರಿಗಿಳಿಯೋದು. ಹಾರೆ ಹಾಕಿ ಮೀಟಿದರೆ ಕಲ್ಲು ಒಂದು ಗಳಿಗೆ ಹಟ ಹಿಡಿದು, ಆಮೇಲೆ ಚಪ್ ಅಂತ ಬಿಟ್ಟುಕೊಡೋದು. ಅಡಿಯಿಂದ ಆ ವಾಸನೆ ಬರೋದು, ನಾನು ಮೊದಲೇ ಹೇಳಿದ್ದು. ಸೊಂಟದ ಮಟ್ಟದ ನೀರಿನ ತನಕ ಕೈಗೆ ಸಿಕ್ಕಿದ ಕಲ್ಲನ್ನೆಲ್ಲ ಎತ್ತಿ ಹೊತ್ತು ಕೊಲ್ಲಿಗೆ ಸಾಗಿಸಿದೆವು. ನಾನು ಕಟ್ಟಿದೆ. ಸುಳ್ಳು ಹೇಳೋಲ್ಲ, ಅಂಥ ಕೆಲಸ ನಾನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಯಾವ ಮೆಟ್ಟಿಲ ಮೇಲೆ ನೀರು ತುಂಬಿದ ಚೊಂಬಿಟ್ಟರೂ ಅತ್ತಿತ್ತ ವಾಲುತ್ತಿರಲಿಲ್ಲ. ಪ್ರಕಾಶ್ ಸರ್ ಬಂದು ಅದರ ಮೇಲೆ ಹತ್ತಿ ಇಳಿದು ಫೋಟೋ ತೆಗೆದರು. ಕೊನೇ ಮೆಟ್ಟಿಲನ್ನು ಹಿನ್ನೀರು ಮುಟ್ಟಿ ಮುಟ್ಟಿ ಹೋಗ್ತಿತ್ತು. ಎದೆಯುಬ್ಬಿ ಬಂತು ನನಗೆ.

ಸಂಕ್ರಾಂತಿ ಹೊತ್ತಿಗೆ ಉತ್ಸವ ಅಂದಿದ್ದರು. ಸಂಕ್ರಾಂತಿ ಹತ್ತಿರ ಬಂದಾಗ ಇನ್ನೂ ಸ್ವಲ್ಪ ತಡ ಅಂದರು. ಉದ್ಘಾಟನೆಗೆ ಬರಬೇಕಾದವರಿಗೆ ಪುರುಸೊತ್ತಿಲ್ಲವಂತೆ. ಅವರಿಗೆ ಪುರುಸೊತ್ತಾಗೋ ತನಕ ನೀರು ಕಾಯುತ್ತಾ? ಇಳೀತು. ಕೊನೇ ಮೆಟ್ಟಿಲ ಕೆಳಗೆ ಕೆಸರು ಕಾಣಿಸಿತು. ಉಳಿದ ಕಲ್ಲಲ್ಲಿ ಇನ್ನೆರಡು ಮೆಟ್ಟಿಲು ಕಟ್ಟಿದೆ. ನೀರು ಅದನ್ನೂ ಬಿಟ್ಟು ಕೆಳಗೆ ಹೋಯಿತು. ಆಮೇಲೆ ಕಟ್ಟೋಕೆ ಕಲ್ಲಿರಲಿಲ್ಲ. ಇದ್ದಿದ್ದರೂ ಬುಡ ನಿಲ್ಲಿಸೋಕೆ ಗಟ್ಟಿ ನೆಲ ಇರಲಿಲ್ಲ. ನಾನು ಬೆಳಿಗ್ಗೆ ಎದ್ದ ಕೂಡಲೇ ಹೋಗಿ ನೀರು ಎಲ್ಲಿದೆ ಅಂತ ನೋಡೋದು, ವಾಪಸು ಬಂದು ಚಾ ಕುಡಿಯೋದು.

ಒಂದು ದಿನ ಪ್ರಕಾಶ್ ಸರ್ ಬೈಕಲ್ಲಿ ಬಂದರು. ಬೈಕಿಂದ ಇಳೀಲಿಲ್ಲ.

"ನಾಗಣ್ಣ, ದೋಣಿ ಸ್ಪರ್ಧೆ ಸಾಗರದ ಕಡೆ ಮಾಡ್ತಾರಂತೆ. ಅಲ್ಲಿ ಆಳ ನೀರಿದೆ."

"ನಮ್ಮಲ್ಲಿ?"

"ನಿಮ್ಮಲ್ಲಿ ನೀರಿಲ್ವಲ್ಲ."

"ನೀರು ನಾವೇನು ಕುಡ್ದು ಖಾಲಿ ಮಾಡಿಲ್ಲ ಸರ್. ನೀವು ಹೇಳಿದ ದಿನ ಇಲ್ಲೇ ಇತ್ತು."

"ಗೊತ್ತು. ಇದು ನನ್ನ ಕೈಲಿಲ್ಲ ನಾಗಣ್ಣ."

"ತೇಲೋ ಕಟ್ಟೆ?"

ಅವರು ಹ್ಯಾಂಡಲ್ ಮೇಲೆ ಕೂತ ಧೂಳನ್ನು ಬೆರಳಲ್ಲಿ ಒರೆಸಿದರು. "ಅದು ದೋಣಿ ಜೊತೆ ಅಲ್ಲಿಗೇ ಹೋಯ್ತು. ಮುಗಿದ ಮೇಲೆ ಕೇಳಿ ನೋಡ್ತೀನಿ."

ಕೇಳಿರಬಹುದು ಅವರು. ಅದು ಬರಲಿಲ್ಲ. ಉತ್ಸವ ಚೆನ್ನಾಗಿ ಆಯಿತಂತೆ. ರಿಪ್ಪನ್‌ಪೇಟೆಯಲ್ಲಿ ಕಬಡ್ಡಿ ನೋಡೋಕೆ ಜನವೋ ಜನ. ನಮ್ಮೂರ ಹುಡುಗರೂ ಹೋಗಿ ಬಂದು ಹೇಳಿದರು.

ನಮಗೆ ಉಳಿದದ್ದು ಕೆಸರು. ಕೊಲ್ಲಿಯ ಮೆಟ್ಟಿಲು ಆಕಾಶದಲ್ಲಿ ನೇತಾಡೋ ಹಾಗೆ ಎತ್ತರದಲ್ಲಿ ನಿಂತಿತು. ಅದರ ಬುಡದಿಂದ ನೀರಿನ ತನಕ ಕಡಿದಾದ ಇಳಿಜಾರು. ಕಾಲಿಟ್ಟರೆ ಮೈ ಪೂರ್ತಿ ಜಾರಿಕೊಂಡು ಹೋಗೋದೇ. ಇತ್ತ ಹಳೇ ರಸ್ತೆಯಲ್ಲಿ ಕಲ್ಲು ಕಿತ್ತ ಜಾಗ ಉದ್ದಕ್ಕೂ ಕಾಲುವೆಯಾಗಿ ನೀರು ಹಿಡಿದು ಕೂತಿತ್ತು. ಇನ್ನೂ ಕೆಳಗೆ ನಾವು ಮುಟ್ಟದೆ ಬಿಟ್ಟ ಕಲ್ಲಾದರೂ ಇದೆಯಲ್ಲ ಅಂದುಕೊಂಡಿದ್ದೆ. ಮೇಲಿನ ಅಂಚುಗಲ್ಲು ಹೋದ ಮೇಲೆ ಅವುಗಳಿಗೆ ಹಿಡಿತವೆಲ್ಲಿ? ಒಂದೊಂದೇ ವಾಲಿ ಕೆಸರಿಗಿಳಿದು ಕಾಣದಾದವು.

ಸುಮ್ಮನೆ ಕೂತಿರಲಿಲ್ಲ ನಾವು. ಮೆಟ್ಟಿಲನ್ನೇ ಒಡೆದು ಕಲ್ಲು ವಾಪಸು ತರೋಣ ಅಂತ ಹೋದೆ. ನನ್ನದೇ ಸಿಮೆಂಟು, ನನ್ನದೇ ಕೈ. ಉಳಿ ಹಾಕಿದರೆ ಸಂದಿ ಬಿಡದೆ ಕಲ್ಲೇ ಒಡೆಯಿತು. ಒಡೆದ ಚೂರುಗಳನ್ನು ತಂದು ರಸ್ತೆಗೆ ಹಾಕಿದೆ. ಸಂಜೆ ಹಾಕಿದ್ದು ಬೆಳಿಗ್ಗೆ ನೋಡಿದರೆ ಕೆಸರಿನ ಪಾಲು. ಅಡಿಕೆ ಮರ ಉದ್ದಕ್ಕೆ ಸೀಳಿ ದಬ್ಬೆ ಮಾಡಿ, ಜೋಡಿಸಿ ಹಾಸಿದೆವು. ಒಂದು ವಾರ ಪರವಾಗಿಲ್ಲ ಅನ್ನಿಸಿತು, ಅಷ್ಟರಲ್ಲಿ ನೀರು ಇನ್ನಷ್ಟು ಆಚೆ ಸರಿದು ದಬ್ಬೆಯ ತುದಿಯಿಂದ ದೋಣಿಯ ತನಕ ಮತ್ತೆ ಹೊಸ ಕೆಸರು. ಪಂಚಾಯ್ತಿಗೂ ಹೋದೆ. ಅಲ್ಲಿ ಕೂತವರು ಪಾಪ, ಕುರ್ಚಿ ಕೊಟ್ಟು ಕೂರಿಸಿದರು.

"ರಸ್ತೆ ರಿಪೇರಿ ಅಂದ್ರೆ ಅಲ್ಲಿ ರಸ್ತೆ ಇರ್ಬೇಕು ನಾಗಣ್ಣ. ನಮ್ಮ ಲೆಕ್ಕದಲ್ಲಿ ಅದು ನೀರು."

"ನೀವೇ ಬಂದು ನೋಡಿ. ಈಗ ಅದು ನೀರೂ ಅಲ್ಲ."

"ಅದೇ ನಾನೂ ಹೇಳೋದು. ಏನಂತ ಬರೀಲಿ?"

ನಾನು ಕುರ್ಚಿ ಬಿಟ್ಟು ಎದ್ದು ಮನೆಗೆ ಬಂದೆ.

ಹಾಗಾಗಿ ಅವಳನ್ನು ಹೊರೋಕೆ ಶುರು ಮಾಡಿದೆ. ಬೆಳಿಗ್ಗೆ ದಬ್ಬೆಯ ತುದಿಯ ತನಕ ಇಬ್ಬರೂ ನಡೆದು ಹೋಗೋದು. ಅಲ್ಲಿ ನಾನು ಪಂಚೆ ಎತ್ತಿ ಕಟ್ಟಿ ಬೆನ್ನು ಕೊಡೋದು, ಅವಳು ಚಪ್ಪಲಿ, ಊಟದ ಡಬ್ಬಿ ಒಂದು ಚೀಲಕ್ಕೆ ಹಾಕಿಕೊಂಡು ಕುತ್ತಿಗೆಗೆ ಕೈ ಹಾಕಿ ಹತ್ತೋದು. ಒಂದೊಂದೇ ಕಾಲು ಕಿತ್ತು ಇಟ್ಟು ದೋಣಿಯ ತನಕ ಹೋಗೋದು. ಸಂಜೆ ಅದೇ ತಿರುಗಾ.

ಮೊದಲ ದಿನ ದಡದಲ್ಲಿ ಎಮ್ಮೆ ಮೈ ತೊಳೀತಿದ್ದವರೆಲ್ಲ ನಿಂತು ನೋಡಿದರು. ಚೌಡಪ್ಪಣ್ಣ ದೋಣಿಯಿಂದಲೇ ಕೂಗಿದ, "ನಾಗಾ, ಇದ್ಯಾವ ಸ್ಪರ್ಧೆನೋ? ಇದನ್ನೂ ಉತ್ಸವದಲ್ಲಿ ಇಟ್ಟಿದ್ರೆ ಕಪ್ಪು ನಿಂಗೇ ಕಣೋ!"

"ನಿಮ್ಮ ಬಾಯಿಗೆ ಈ ಕೆಸರು ಹಾಕ ಬಾವ" ಅಂದಳು ಸುಶೀಲ. ಸೆರಗು ಮುಖಕ್ಕೆ ಒತ್ತಿಕೊಂಡು ನಗ್ತಿದ್ದಳು. ನನ್ನ ಕಿವಿಯ ಹತ್ತಿರ, "ಮದ್ವೆ ಹೊಸ್ತರಲ್ಲಿ ಎತ್ಕೊಂಡಿದ್ರೆ ಹಗುರ ಇದ್ದೆ" ಅಂದಳು.

"ಆಗ ಕೆಸರಿರ್ಲಿಲ್ಲ."

"ಕೆಸರಿದ್ರೆ ಮಾತ್ರವಾ ಎತ್ಕೊಳ್ಳೋದು?"

ನಗು ಎಷ್ಟು ದಿನ ಇರುತ್ತೆ? ಬೆಳಿಗ್ಗೆ ಹೊತ್ತು ಬಿಡಬೇಕು, ಸಂಜೆ ಹೊತ್ತು ತರಬೇಕು ಅಂದರೆ ನಾನು ದೂರದ ಕೆಲಸಕ್ಕೆ ಹೋಗೋ ಹಾಗಿಲ್ಲ. ಸಾಗರದಲ್ಲಿ ಒಂದು ಮನೆಯ ತಳಪಾಯದ ಕೆಲಸ ಬಂದಿತ್ತು, ಬೇರೆ ಮೇಸ್ತ್ರಿಗೆ ಹೋಯಿತು. ಇನ್ನೊಂದು ಕಡೆಯಿಂದ ಕೇಳಿಕೊಂಡು ಬಂದವರಿಗೆ ಸೊಂಟ ನೋವು ಅಂತ ಹೇಳಿ ಕಳಿಸಿದೆ. ಹೆಂಡತಿಯನ್ನು ದೋಣಿ ಹತ್ತಿಸಬೇಕು ಅಂತ ಹೇಗೆ ಹೇಳಲಿ? ಒಳಗಿಂದ ಅವಳು ಕೇಳಿಸಿಕೊಂಡಿದ್ದಳು. ಮಾರನೇ ದಿನ ನಾನು ಏಳೋದರೊಳಗೆ ಒಬ್ಬಳೇ ಹೊರಟು ಹೋಗಿದ್ದಳು. ಆಚೆ ದಡ ಮುಟ್ಟುವಾಗ ಸೀರೆಯೆಲ್ಲ ತೊಡೆಯ ತನಕ ಕೆಸರಂತೆ. ಶಾಲೆಯ ಬೋರಿನ ಹತ್ತಿರ ತೊಳೆದುಕೊಂಡು ಒಳಗೆ ಹೋಗುವಾಗ ಮಕ್ಕಳ ಹಾಲಿನ ಹೊತ್ತು ಮೀರಿತ್ತು. ಜೊತೆಯ ಅಡುಗೆಯವಳು ಗಿರಿಜಕ್ಕ ಒಬ್ಬಳೇ ಹಾಲೂ ಕಾಯಿಸಿ ಅಕ್ಕಿಯನ್ನೂ ಇಟ್ಟಿದ್ದಳು. ಇದನ್ನೆಲ್ಲ ನನಗೆ ಹೇಳಿದ್ದು ಚೌಡಪ್ಪಣ್ಣ, ಅವಳಲ್ಲ.

"ನಿನ್ನೆಯದಕ್ಕೆ ಗಿರಿಜಕ್ಕ ಏನಂದ್ಲು?" ಅಂತ ಕೇಳಿದೆ.

"ಏನೂ ಅನ್ಲಿಲ್ಲ. ಅಂದಿದ್ರೆ ಆಗ್ತಿತ್ತು."

"ಹೆಡ್‌ಮೇಷ್ಟ್ರು?"

"ನಿಧಾನ ಬನ್ನಿ ಅಮ್ಮ, ತೊಂದ್ರೆ ಇಲ್ಲ ಅಂತಾರೆ. ದಿನಾ ಅಂತಾರೆ."

ಯಾರಾದರೂ ಬೈದಿದ್ದರೆ ನಾನು ಹೋಗಿ ಜಗಳ ಆಡ್ತಿದ್ದೆ. ನನಗೆ ಜಗಳ ಗೊತ್ತು. ಎಲ್ಲರೂ ಒಳ್ಳೆಯವರಾಗಿದ್ದರು, ನೀರು ದಿನಾ ಒಂದು ಗೇಣು ಹಿಂದೆ ಹೋಗ್ತಿತ್ತು, ನನ್ನ ಎರಡು ಕೈಗೆ ಮಾಡೋಕೆ ಕೆಲಸವೇ ಇರಲಿಲ್ಲ. ಚಿಕ್ಕಂದಿನಿಂದ ಯಾವ ಕಷ್ಟ ಬಂದರೂ ಹಾರೆ ಎತ್ತಿಕೊಂಡು ಹೊರಟವನು ನಾನು. ಹಾರೆ ಮನೆಯ ಮೂಲೆಯಲ್ಲಿ ಒರಗಿಕೊಂಡಿತ್ತು.

ಶಿವರಾತ್ರಿ ಕಳೆಯಿತು. ಚಳಿ ಬಿಟ್ಟು ಬೆಳಿಗ್ಗೆಯೇ ಬಿಸಿಲು ಚುರುಕಾಗೋಕೆ ಶುರುವಾಗಿತ್ತು. ಅವತ್ತು ಎಂದಿನ ಹಾಗೆ ಅವಳು ತಲೆ ಬಾಚಿ, ಶಾಲೆಗೆ ಅಂತಲೇ ಇಟ್ಟುಕೊಂಡಿದ್ದ ನೀಲಿ ಸೀರೆ ಉಟ್ಟು ಬಂದಳು. ದಬ್ಬೆಯ ತುದಿಯಲ್ಲಿ ನಾನು ಬೆನ್ನು ಕೊಟ್ಟೆ. ಹತ್ತಿದಳು. ನಡುವಿಗೆ ಬಂದಿರಬೇಕು. ಬಲಗಾಲು ಹಿಂದೆಂದಿಗಿಂತ ಆಳಕ್ಕೆ ಹೋಯಿತು, ತೊಡೆಯ ತನಕ. ಕಿತ್ತುಕೊಳ್ಳೋಕೆ ನೋಡಿದೆ, ಎಡಗಾಲೂ ಇಳಿಯಿತು. ಸ್ವಲ್ಪ ಸುಧಾರಿಸಿಕೊಳ್ಳೋಣ ಅಂತ ನಿಂತೆ.

"ನೀವು ಸುಸ್ತು ಮಾಡ್ಕೋಬೇಡಿ" ಅಂದಳು.

"ಸುಸ್ತೆಂತದು? ಡಬ್ಬಿ ಗಟ್ಟಿ ಹಿಡ್ಕ."

"ಡಬ್ಬಿ ತಂದಿಲ್ಲ."

"ಮತ್ತೆ ಮಧ್ಯಾಹ್ನಕ್ಕೆ?"

ನನ್ನ ಕುತ್ತಿಗೆಯ ಹತ್ತಿರ ಅವಳ ಉಸಿರು ಬಿಸಿಯಾಗಿ ತಾಗ್ತಿತ್ತು.

"ನಿನ್ನೆನೇ ಹೇಳಿ ಬಂದೆ. ಬೇರೆ ಯಾರನ್ನಾದ್ರೂ ನೋಡ್ಕೊಳಿ ಅಂತ. ಗಿರಿಜಕ್ಕನ ನಾದಿನಿ ಬರ್ತಾಳಂತೆ, ಅದೇ ಊರೋಳು."

"ಹೇಳಿ ಬಂದ್ಯಾ?"

"ಹೂಂ."

"ಮತ್ತೆ ಇವತ್ತು ಎಲ್ಲಿಗೆ ಹೊರಟಿದೀಯ?"

"ಗೊತ್ತಿಲ್ಲ" ಅಂದಳು. "ಬೆಳಗಾಯ್ತು, ಸೀರೆ ಉಟ್ಟೆ. ನೀವು ಬೆನ್ನು ಕೊಟ್ರಿ, ಹತ್ತಿದೆ."

ಆಚೆ ದಡದ ಶಾಲೆಯಲ್ಲಿ ಗಂಟೆ ಹೊಡೆದರು. ನೀರಿನ ಮೇಲೆ ಶಬ್ದ ಸ್ಪಷ್ಟವಾಗಿ ಬರುತ್ತೆ ನಮ್ಮಲ್ಲಿ. ಅವಳ ಕೈ ನನ್ನ ಕುತ್ತಿಗೆಯಲ್ಲಿ ಬಿಗಿಯಾಯಿತು. ಮುಂದೆ ದೋಣಿಯಲ್ಲಿ ಚೌಡಪ್ಪಣ್ಣ ಹುಟ್ಟು ಹಿಡಿದು ನಿಂತಿದ್ದ.

"ಏಯ್, ಬರ್ತೀರನಾ ಇಲ್ವನಾ?" ಅಂತ ಕೂಗಿದ.

ದೋಣಿ ಎಷ್ಟು ದೂರವೋ ದಡವೂ ಅಷ್ಟೇ ದೂರ ಇತ್ತು. ಅವಳು ಅಳ್ತಿದ್ದಾಳೆ ಅಂತ ಬೆನ್ನಿಗೆ ಗೊತ್ತಾಗ್ತಿತ್ತು. ಇಳಿಸಿ ಮುಖ ನೋಡೋಣ ಅಂದರೆ ಇಳಿಸೋಕೆ ಅಲ್ಲಿ ನೆಲ ಇರಲಿಲ್ಲ.